ಸಂಧಾನವಿದ್ಯೆ: ಮಾತಿಗೆ ಮುಂಚಿನ ಕೆಲಸ

ಇಬ್ಬರು ಮನುಷ್ಯರು ಕೂಡಿ ಬಾಳಬೇಕಾದ ಕಡೆಯಲ್ಲಿ ಅವರಿಬ್ಬರ ಇಚ್ಛೆಗಳೂ ಸದಾ ಒಂದೇ ದಿಕ್ಕಿಗೆ ಹರಿಯುವುದು ಅಪೂರ್ವ. ಬಾಡಿಗೆಯ ಮನೆಗೆ ಕೊಡಬೇಕಾದ ಮುಂಗಡ ಎಷ್ಟು ತಿಂಗಳಿನದು, ಹೊಸ ಉದ್ಯೋಗದ ಸಂಬಳ ಎಷ್ಟು, ತಂದೆ ಬಿಟ್ಟುಹೋದ ತೋಟದಲ್ಲಿ ಬಾವಿಯಿರುವ ಭಾಗ ಅಣ್ಣನಿಗೋ ತಮ್ಮನಿಗೋ, ವೃದ್ಧೆಯಾದ ತಾಯಿಯ ಆರೈಕೆ ಯಾವ ಮಕ್ಕಳ ಮನೆಯಲ್ಲಿ, ಒಂದೇ ಕಚೇರಿಯ ನಾಲ್ವರಲ್ಲಿ ಹಬ್ಬದ ರಜೆ ಈ ವರ್ಷ ಯಾರಿಗೆ ಎಂಬ ಪ್ರಶ್ನೆಗಳಲ್ಲಿ ಒಂದಾದರೂ ಒಬ್ಬನ ಅಪ್ಪಣೆಯಿಂದ ತೀರ್ಮಾನವಾಗತಕ್ಕದ್ದಲ್ಲ. ನ್ಯಾಯಾಲಯದ ಮೆಟ್ಟಿಲವರೆಗೆ ಒಯ್ಯತಕ್ಕದ್ದೂ ಅಲ್ಲ. ಅಪ್ಪಣೆಗೂ ವ್ಯಾಜ್ಯಕ್ಕೂ ನಡುವೆ ಇರುವ ಮಾರ್ಗವೇ ಮಾತುಕತೆ. ಬದುಕಿನ ಬಹುಪಾಲು ವ್ಯವಹಾರ ಈ ಮಾರ್ಗದಲ್ಲಿಯೇ ಸಾಗುತ್ತಿದ್ದರೂ ಇದರಲ್ಲಿ ನಡೆಯುವುದು ಹೇಗೆಂಬುದನ್ನು ನಮ್ಮ ಶಾಲೆಗಳಲ್ಲಿ ಕಲಿಸುವುದಿಲ್ಲ. ಕಲಿಯಬೇಕಾದ ವಿಷಯವೆಂದು ಮನೆಗಳಲ್ಲಿ ಭಾವಿಸಿಯೂ ಇಲ್ಲ.

ಸಂಧಾನದ ವಿಷಯದಲ್ಲಿ ಲೋಕದಲ್ಲಿ ಎರಡು ಅಭಿಪ್ರಾಯಗಳು ಬೇರೂರಿವೆ. ಅದು ನಾಲಗೆಗೆ ಸೇರಿದ ವಿದ್ಯೆ, ಮಾತುಗಾರನಿಗೆ ಹುಟ್ಟಿನಿಂದ ಬಂದದ್ದು, ಸಂಕೋಚಶೀಲನಾದವನಿಗೆ ಎಂದೂ ಬಾರದ್ದು ಎಂಬುದು ಒಂದು. ಅದು ಅಂಗಡಿಬೀದಿಯ ಜಾಣತನ, ಮರ್ಯಾದಸ್ಥರಾದವರು ಕೊಟ್ಟದ್ದನ್ನು ಕೊಂಡು ಕೇಳಿದ್ದನ್ನು ಕೊಟ್ಟು ಸುಮ್ಮನಿರತಕ್ಕದ್ದು ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿದವರು ಕಲಿಯುವ ಪ್ರಯತ್ನವನ್ನೇ ಮಾಡುವುದಿಲ್ಲ. ಎರಡನೆಯದನ್ನು ನಂಬಿದವರು ನಷ್ಟವನ್ನು ಸೌಜನ್ಯವೆಂದು ಕರೆದುಕೊಂಡು ಒಳಗೊಳಗೇ ಕುದಿಯುತ್ತಾರೆ. ಹಳೆಯ ರಾಜನೀತಿಗ್ರಂಥಗಳಿಂದ ಹಿಡಿದು ಇತ್ತೀಚಿನ ಮನಶ್ಶಾಸ್ತ್ರದ ಪ್ರಯೋಗಗಳವರೆಗಿನ ಸಾಮಗ್ರಿಯನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಎರಡು ಅಭಿಪ್ರಾಯಗಳೂ ನಿಲ್ಲುವುದಿಲ್ಲ. ಸಂಧಾನದ ಬಹುಭಾಗ ನಡೆಯುವುದು ಬಾಯಿ ತೆರೆಯುವುದಕ್ಕೆ ಮುಂಚೆ. ಆಡುವ ಮಾತಿಗೆ ಬಲ ಬರುವುದು, ಆ ಮಾತು ಮುರಿದುಬಿದ್ದರೂ ತಾನು ನಿಲ್ಲಬಲ್ಲೆನೆಂಬ ಆಧಾರದಿಂದ. ಈ ಎರಡು ಸಂಗತಿಗಳನ್ನು ಕೈದೀವಿಗೆಯಾಗಿ ಹಿಡಿದು ವಿಷಯದ ಹರಹನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕನ್ನಡಿಗರಿಗೆ ಸಂಧಾನವೆಂದೊಡನೆ ಮೊದಲು ನೆನಪಾಗುವುದು ಕೃಷ್ಣಸಂಧಾನ. ವ್ಯಾಸಭಾರತದ ಉದ್ಯೋಗಪರ್ವದಿಂದ ಕುಮಾರವ್ಯಾಸನ ಕಾವ್ಯಕ್ಕೂ, ಅಲ್ಲಿಂದ ಕರಾವಳಿಯ ತಾಳಮದ್ದಲೆಯ ಕೂಟಗಳಿಗೂ ಹರಿದುಬಂದಿರುವ ಈ ಪ್ರಸಂಗದಲ್ಲಿ ಅರ್ಥಧಾರಿಗಳು ವಾದಪ್ರತಿವಾದಗಳನ್ನು ಬೆಳೆಸುತ್ತ ಹೋಗುವುದನ್ನು ಕೇಳಿದವರು ಕೃಷ್ಣನ ಮಾತುಗಾರಿಕೆಯನ್ನೇ ಮೆಚ್ಚಿಕೊಂಡು ಮನೆಗೆ ಹಿಂದಿರುಗುತ್ತಾರೆ. ಕಥೆಯ ಕಟ್ಟನ್ನು ಗಮನಿಸಿದರೆ ಕಾಣುವುದು ಬೇರೆ. ಕೃಷ್ಣನಿಗೆ ಮುಂಚೆ ದ್ರುಪದನ ಪುರೋಹಿತನು ಹಸ್ತಿನಾಪುರಕ್ಕೆ ಹೋಗಿ ಬಂದಿದ್ದಾನೆ. ಆ ಕಡೆಯಿಂದ ಸಂಜಯನು ಬಂದು ಹೋಗಿದ್ದಾನೆ. ಪಾಂಡವರು ಅರ್ಧರಾಜ್ಯದ ಹಕ್ಕಿನಿಂದ ಐದು ಗ್ರಾಮಗಳವರೆಗೆ ಇಳಿದಿದ್ದಾರೆ. ಇಳಿಯುವಾಗಲೇ ಸೈನ್ಯವನ್ನೂ ಕೂಡಿಸುತ್ತಿದ್ದಾರೆ. ಸಭೆಯಲ್ಲಿ ಮಾತು ಮುರಿದ ಮೇಲೆ ಕೃಷ್ಣನು ಕರ್ಣನನ್ನು ಏಕಾಂತದಲ್ಲಿ ಕಂಡು ಅವನ ಜನ್ಮರಹಸ್ಯವನ್ನು ತಿಳಿಸುತ್ತಾನೆ, ಏಕೆಂದರೆ ದುರ್ಯೋಧನನ ಹಟಕ್ಕೆ ಊರುಗೋಲು ಯಾರೆಂಬುದು ಕೃಷ್ಣನಿಗೆ ಗೊತ್ತು. ಇಷ್ಟಾದರೂ ಸಂಧಾನ ಫಲಿಸಲಿಲ್ಲ. ಭೀಷ್ಮ, ದ್ರೋಣ, ಕರ್ಣರು ತನ್ನ ಕಡೆ ಇರುವಾಗ ಯುದ್ಧವೇ ಲಾಭವೆಂದು ದುರ್ಯೋಧನನು ನಂಬಿದ್ದನು. ಎದುರಿನವನ ಲೆಕ್ಕದಲ್ಲಿ ರಾಜಿಗಿಂತ ಜಗಳ ಅಗ್ಗವಾಗಿ ಕಂಡಾಗ ಯಾರ ವಾಕ್ಪಟುತ್ವವೂ ಕೆಲಸಕ್ಕೆ ಬಾರದೆಂಬುದು ಆ ಪರ್ವದ ಪಾಠ.

ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಇದೇ ಪಾಠವನ್ನು ಶಾಸ್ತ್ರದ ಭಾಷೆಯಲ್ಲಿ ಹೇಳುತ್ತದೆ. ಸಾಮ, ದಾನ, ಭೇದ, ದಂಡವೆಂಬ ಉಪಾಯಚತುಷ್ಟಯವನ್ನು ಎಲ್ಲರೂ ಬಲ್ಲರು. ಅದಕ್ಕಿಂತ ಕಡಿಮೆ ಪ್ರಸಿದ್ಧವಾಗಿದ್ದು ನಮ್ಮ ವಿಷಯಕ್ಕೆ ಹೆಚ್ಚು ಉಪಯುಕ್ತವಾದದ್ದು ದೂತರ ವಿಭಾಗ. ಪೂರ್ಣಾಧಿಕಾರ ಪಡೆದವನು ನಿಸೃಷ್ಟಾರ್ಥ, ಗೊತ್ತುಪಡಿಸಿದ ವಿಷಯಕ್ಕೆ ಮಾತ್ರ ಅಧಿಕಾರವುಳ್ಳವನು ಪರಿಮಿತಾರ್ಥ, ಕೇವಲ ಓಲೆಯನ್ನು ಒಯ್ಯುವವನು ಶಾಸನಹರ. ಈ ಭೇದವನ್ನು ಇಂದಿನ ಯಾವ ಕಚೇರಿಯಲ್ಲಾದರೂ ಕಾಣಬಹುದು. ಗಂಟೆಗಟ್ಟಲೆ ಚರ್ಚಿಸಿ ಎಲ್ಲ ವಿನಾಯಿತಿಗಳನ್ನೂ ಕೇಳಿ ಪಡೆದುಕೊಂಡ ಮೇಲೆ ‘ಮೇಲಿನವರನ್ನು ಕೇಳಿ ಹೇಳುತ್ತೇನೆ’ ಎನ್ನುವ ಖರೀದಿ ಅಧಿಕಾರಿಯು ನಿಸೃಷ್ಟಾರ್ಥನ ವೇಷದಲ್ಲಿ ಬಂದ ಶಾಸನಹರ. ಎದುರಿಗೆ ಕುಳಿತವನಿಗೆ ಒಪ್ಪುವ ಅಧಿಕಾರವುಂಟೇ ಎಂಬುದನ್ನು ಮೊದಲ ಹತ್ತು ನಿಮಿಷಗಳಲ್ಲಿ ವಿನಯದಿಂದ ಕೇಳಿ ತಿಳಿದುಕೊಳ್ಳುವವನಿಗೆ ದಿನಗಳ ಶ್ರಮ ಉಳಿಯುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿಷಯವು ರಾಜರ ಮಂತ್ರಾಲೋಚನೆಯ ಕೋಣೆಯಿಂದ ಕಾರ್ಖಾನೆಗೂ ವಿಶ್ವವಿದ್ಯಾನಿಲಯಕ್ಕೂ ಬಂದಿತು. ಅಮೆರಿಕದ ಮೇರಿ ಪಾರ್ಕರ್ ಫಾಲೆಟ್ ಎಂಬ ಚಿಂತಕಿ 1925ರ ಒಂದು ಉಪನ್ಯಾಸದಲ್ಲಿ ಭಿನ್ನಾಭಿಪ್ರಾಯ ಕೊನೆಗಾಣುವ ಮೂರು ಬಗೆಗಳನ್ನು ಹೇಳಿದಳು: ಒಬ್ಬನು ಗೆಲ್ಲುವುದು, ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು, ಇಬ್ಬರ ಅಗತ್ಯವೂ ಪೂರೈಸುವ ಮೂರನೆಯ ದಾರಿಯನ್ನು ಕಂಡುಹಿಡಿಯುವುದು. ಮೂರನೆಯದಕ್ಕೆ ಆಕೆ ತನ್ನ ಅನುಭವದಿಂದಲೇ ದೃಷ್ಟಾಂತ ಕೊಟ್ಟಳು: ಗ್ರಂಥಾಲಯದ ಸಣ್ಣ ಕೋಣೆಯೊಂದರಲ್ಲಿ ಒಬ್ಬನಿಗೆ ಕಿಟಕಿ ತೆರೆದಿರಬೇಕು, ಆಕೆಗೆ ಮುಚ್ಚಿರಬೇಕು. ಪಕ್ಕದ ಖಾಲಿ ಕೋಣೆಯ ಕಿಟಕಿಯನ್ನು ತೆರೆದರು, ವಿವಾದ ತೀರಿತು. ಆತನಿಗೆ ಬೇಕಾದದ್ದು ಗಾಳಿ. ಆಕೆಗೆ ಬೇಡವಾದದ್ದು ನೇರವಾಗಿ ಮೈಮೇಲೆ ಬೀಸುವ ಉತ್ತರದ ಗಾಳಿ. ಅರ್ಧ ಕಿಟಕಿ ತೆರೆದಿದ್ದರೆ ಇಬ್ಬರಿಗೂ ಅಸಮಾಧಾನವೇ ಉಳಿಯುತ್ತಿತ್ತು. ಈ ದೃಷ್ಟಾಂತವನ್ನೂ ಬಳಸಿಕೊಂಡು ರೋಜರ್ ಫಿಷರ್ ಮತ್ತು ವಿಲಿಯಂ ಯೂರಿ ಎಂಬ ಹಾರ್ವರ್ಡಿನ ವಿದ್ವಾಂಸರು 1981ರಲ್ಲಿ ‘ಗೆಟಿಂಗ್ ಟು ಯೆಸ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಮನುಷ್ಯನು ಬಾಯಲ್ಲಿ ಹೇಳುವ ಪಟ್ಟು ಬೇರೆ, ಆ ಪಟ್ಟಿನ ಹಿಂದಿರುವ ಹಿತ ಬೇರೆ; ಸಂಧಾನಕಾರನು ಹಿತವನ್ನು ಹುಡುಕತಕ್ಕದ್ದು ಎಂಬುದು ಅವರ ಪ್ರಧಾನ ಸೂತ್ರ. 1978ರ ಸೆಪ್ಟೆಂಬರಿನಲ್ಲಿ ಕ್ಯಾಂಪ್ ಡೇವಿಡ್ಡಿನಲ್ಲಿ ನಡೆದ ಮಾತುಕತೆಯಲ್ಲಿ ಸಿನಾಯ್ ಭೂಭಾಗವನ್ನು ಹೇಗೆ ಗೀಟೆಳೆದು ಹಂಚಿದರೂ ಈಜಿಪ್ಟೂ ಇಸ್ರೇಲೂ ಒಪ್ಪಲಾರದೆ ಹೋದವು. ಈಜಿಪ್ಟಿಗೆ ಬೇಕಾದದ್ದು ಸಾರ್ವಭೌಮತ್ವ, ಇಸ್ರೇಲಿಗೆ ಬೇಕಾದದ್ದು ಗಡಿಯ ಭದ್ರತೆ ಎಂಬುದು ಸ್ಪಷ್ಟವಾದಾಗ, ನೆಲವೆಲ್ಲವೂ ಈಜಿಪ್ಟಿಗೆ, ಆದರೆ ಗಡಿಯ ಕಡೆ ಸೈನ್ಯ ಇರಕೂಡದು ಎಂಬ ಏರ್ಪಾಡಿಗೆ ದಾರಿ ದೊರೆಯಿತು.

ಇದಕ್ಕೆ ಪೂರ್ವದಲ್ಲಿಯೇ ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಚೌಕಾಸಿಯ ಪ್ರಶ್ನೆಯನ್ನು ಗಣಿತದ ಚೌಕಟ್ಟಿಗೆ ತಂದು, ಒಪ್ಪಂದವಾಗದಿದ್ದರೆ ಪ್ರತಿಯೊಬ್ಬನೂ ಯಾವ ಸ್ಥಿತಿಯಲ್ಲಿ ಉಳಿಯುತ್ತಾನೆಂಬುದು ಒಪ್ಪಂದದ ಸ್ವರೂಪವನ್ನೇ ನಿರ್ಧರಿಸುವುದೆಂದು ತೋರಿಸಿದ್ದನು. ಫಿಷರ್ ಮತ್ತು ಯೂರಿ ಇದನ್ನೇ ಸಾಮಾನ್ಯರ ಮಾತಿನಲ್ಲಿ ಹೇಳಿದರು: ಮಾತು ಮುರಿದರೆ ನಿನ್ನ ಕೈಯಲ್ಲಿ ಉಳಿಯುವ ಅತ್ಯುತ್ತಮ ದಾರಿ ಯಾವುದೋ ಅದೇ ನಿನ್ನ ಬಲ. ಥಾಮಸ್ ಶೆಲ್ಲಿಂಗ್ 1960ರಲ್ಲಿ ಇನ್ನೊಂದು ವಿಚಿತ್ರವಾದ ಸಂಗತಿಯನ್ನು ಎತ್ತಿ ತೋರಿಸಿದನು. ತನ್ನ ಕೈಯನ್ನು ತಾನೇ ಕಟ್ಟಿಕೊಂಡವನು, ಅಂದರೆ ಬಹಿರಂಗವಾಗಿ ಮಾತು ಕೊಟ್ಟು ಹಿಂದೆ ಸರಿಯುವ ದಾರಿಯನ್ನು ಮುಚ್ಚಿಕೊಂಡವನು, ಕೆಲವು ವೇಳೆ ಆ ದೌರ್ಬಲ್ಯದಿಂದಲೇ ಬಲವಂತನಾಗುತ್ತಾನೆ. ಕಾರ್ಮಿಕ ಸಂಬಂಧಗಳನ್ನು ಅಭ್ಯಾಸ ಮಾಡಿದ ವಾಲ್ಟನ್ ಮತ್ತು ಮೆಕರ್ಸಿ 1965ರಲ್ಲಿ, ಎದುರು ಪಕ್ಷದೊಡನೆ ನಡೆಯುವ ಸಂಧಾನದ ಜೊತೆಗೆ ಸ್ವಪಕ್ಷದೊಳಗೇ ಇನ್ನೊಂದು ಸಂಧಾನ ನಡೆಯುತ್ತಿರುತ್ತದೆಂದು ಸಾಧಿಸಿದರು. ಸಂಘದ ಮುಖಂಡನು ಆಡಳಿತವರ್ಗವನ್ನು ಒಪ್ಪಿಸುವಷ್ಟೇ ಕಷ್ಟದಿಂದ ತನ್ನ ಸದಸ್ಯರನ್ನೂ ಒಪ್ಪಿಸಬೇಕಾಗುತ್ತದೆ. ಮದುವೆಯ ಮಾತುಕತೆಗೆ ಹೋಗಿ ಬಂದ ಹಿರಿಯರಿಗೆ ಬೀಗರಿಗಿಂತ ಮನೆಯವರೇ ಕಠಿನರಾಗಿ ತೋರುವುದನ್ನು ಬಲ್ಲ ನಮಗೆ ಇದು ಹೊಸತಾಗಿ ಕಾಣದು. ಹಾರ್ವರ್ಡ್ ಪಂಥದ ಮೇಲೆ ಆಕ್ಷೇಪಗಳೂ ಬಂದಿವೆ. ಮಿಷಿಗನ್ ವಿಶ್ವವಿದ್ಯಾನಿಲಯದ ಕಾನೂನು ಅಧ್ಯಾಪಕ ಜೇಮ್ಸ್ ವೈಟ್ 1984ರಲ್ಲಿ, ಹಿತಗಳ ಹೊಂದಾಣಿಕೆ ಎಷ್ಟೇ ಆದರೂ ಕೊನೆಯಲ್ಲಿ ಒಬ್ಬನಿಗೆ ಹೆಚ್ಚಾದದ್ದು ಇನ್ನೊಬ್ಬನಿಗೆ ಕಡಿಮೆಯಾಗುವ ಘಟ್ಟವೊಂದು ಬಂದೇ ಬರುತ್ತದೆ, ಆ ಘಟ್ಟವನ್ನು ಈ ಪುಸ್ತಕ ತೇಲಿಸಿಬಿಡುತ್ತದೆ ಎಂದು ವಿಮರ್ಶಿಸಿದನು. ಆಕ್ಷೇಪ ಸಾಧುವಾದದ್ದು. ಹಳೆಯ ಸ್ಕೂಟರನ್ನು ಮಾರುವವನಿಗೂ ಕೊಳ್ಳುವವನಿಗೂ ನಡುವೆ ಇರುವುದು ಬಹುತೇಕ ಹಣದ ಮೊತ್ತವೊಂದೇ; ಅಲ್ಲಿ ಸಮನ್ವಯಕ್ಕಿಂತ ಪೇಟೆಯ ಬೆಲೆಯ ತಿಳಿವಳಿಕೆಯೇ ನೆರವಾಗುತ್ತದೆ.

ಈ ಸಿದ್ಧಾಂತಗಳೆಲ್ಲ ಹುಟ್ಟುವುದಕ್ಕೆ ಮೊದಲೇ ನಮ್ಮ ದೇಶದಲ್ಲಿ ನಡೆದ ಒಂದು ಪ್ರಕರಣವು ಇವೆಲ್ಲವನ್ನೂ ಒಂದೇ ಕಡೆ ತೋರಿಸುತ್ತದೆ. ಪ್ಲೇಗಿನ ಭೀತಿಯಿಂದ ಕೆಲಸಗಾರರು ಅಹಮದಾಬಾದನ್ನು ಬಿಟ್ಟು ಹೋಗದಿರಲೆಂದು ಅಲ್ಲಿಯ ಬಟ್ಟೆಗಿರಣಿಗಳ ಒಡೆಯರು 1917ರಲ್ಲಿ ದೊಡ್ಡ ಪ್ರಮಾಣದ ‘ಪ್ಲೇಗ್ ಬೋನಸ್’ ಕೊಡತೊಡಗಿದರು. ರೋಗ ಇಳಿದೊಡನೆ ಅದನ್ನು ನಿಲ್ಲಿಸಹೊರಟರು. ಯುದ್ಧಕಾಲದ ಬೆಲೆಯೇರಿಕೆಯಿಂದ ಬೇಯುತ್ತಿದ್ದ ನೇಕಾರರು ಸೇಕಡ 50ರಷ್ಟು ಹೆಚ್ಚಳ ಬೇಕೆಂದರು. ಒಡೆಯರು 20ಕ್ಕೆ ನಿಂತರು. ಕಾರ್ಮಿಕರ ಕಡೆ ಅನಸೂಯಾಬೆನ್, ಒಡೆಯರ ಮುಂದಾಳಾಗಿ ಅವರ ತಮ್ಮ ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪರವಾಗಿ ನಿಂತ ಗಾಂಧೀಜಿ ಮಾಡಿದ ಮೊದಲ ಕೆಲಸ ಭಾಷಣವಲ್ಲ, ಲೆಕ್ಕ. ವಲ್ಲಭಭಾಯಿ ಪಟೇಲ್, ಶಂಕರಲಾಲ್ ಬ್ಯಾಂಕರ್ ಮೊದಲಾದವರೊಡನೆ ಸೇರಿ ಜೀವನವೆಚ್ಚವನ್ನೂ ಇತರೆಡೆಯ ಕೂಲಿಯನ್ನೂ ಪರಿಶೀಲಿಸಿ, ನ್ಯಾಯವಾಗಿ ಸಲ್ಲಬೇಕಾದದ್ದು 35 ಎಂದು ನಿರ್ಣಯಿಸಿದರು. ಅನಂತರ ತಮ್ಮ ಪಕ್ಷದ ಕಾರ್ಮಿಕರನ್ನೇ 50ರಿಂದ 35ಕ್ಕೆ ಇಳಿಸಿದರು. ಹೀಗೆ ಇಳಿದದ್ದರಿಂದ ಬೇಡಿಕೆಗೆ ಹೊಸ ಬಲ ಬಂದಿತು, ಏಕೆಂದರೆ 35 ಎಂಬುದು ಆಸೆಯ ಅಂಕಿಯಾಗಿ ಉಳಿಯದೆ ಪರಿಶೀಲನೆಯ ಅಂಕಿಯಾಯಿತು.

ಗಿರಣಿಗಳ ಬಾಗಿಲು ಮುಚ್ಚಿದವು; ಸಾಬರಮತಿಯ ದಡದಲ್ಲಿ ಜಾಲಿಯ ಮರದ ಕೆಳಗೆ ಪ್ರತಿದಿನವೂ ಸಭೆ ಸೇರುತ್ತಿತ್ತು; ದಿನಕ್ಕೊಂದರಂತೆ ಕರಪತ್ರ ಹೊರಡುತ್ತಿತ್ತು. ಕಾರ್ಮಿಕರು 35ಕ್ಕಿಂತ ಕಡಿಮೆಗೆ ಕೆಲಸಕ್ಕೆ ಹೋಗೆವೆಂದು ಪ್ರತಿಜ್ಞೆ ಮಾಡಿದ್ದರು, ಒಡೆಯರು 20ಕ್ಕಿಂತ ಹೆಚ್ಚು ಕೊಡೆವೆಂದು ಮಾತು ಕೊಟ್ಟುಕೊಂಡಿದ್ದರು. ಹಸಿವಿನಿಂದ ಕಾರ್ಮಿಕರ ಧೈರ್ಯ ಕುಗ್ಗುತ್ತಿರುವಾಗ 1918ರ ಮಾರ್ಚಿನಲ್ಲಿ ಗಾಂಧೀಜಿ ಉಪವಾಸ ಹಿಡಿದರು. ಮೂರು ದಿನಗಳಲ್ಲಿ ಒಪ್ಪಂದವಾಯಿತು. ಆ ಒಪ್ಪಂದದ ರಚನೆಯನ್ನು ಸ್ವಲ್ಪ ನಿಂತು ನೋಡತಕ್ಕದ್ದು. ಮೊದಲ ದಿನದ ಕೂಲಿಗೆ 35ರ ಹೆಚ್ಚಳ, ಆದ್ದರಿಂದ ಕಾರ್ಮಿಕರ ಪ್ರತಿಜ್ಞೆ ಉಳಿಯಿತು; ಎರಡನೆಯ ದಿನಕ್ಕೆ 20, ಆದ್ದರಿಂದ ಒಡೆಯರ ಮಾತು ಉಳಿಯಿತು; ಮೂರನೆಯ ದಿನದಿಂದ ಪಂಚಾಯಿತಿಯ ತೀರ್ಪು ಬರುವವರೆಗೆ ಎರಡರ ಸರಾಸರಿಯಾದ 27.5. ಪಂಚರಾಗಿ ನೇಮಿತರಾದ ಆನಂದಶಂಕರ ಧ್ರುವರು ಕೆಲವು ತಿಂಗಳ ಮೇಲೆ ಕೊಟ್ಟ ತೀರ್ಪು 35. ಹೊರಗಿನ ಅಳತೆಗೋಲು, ಸ್ವಪಕ್ಷವನ್ನು ಒಪ್ಪಿಸಿದ ಬಗೆ, ಬಹಿರಂಗ ಪ್ರತಿಜ್ಞೆಯ ಕಟ್ಟು, ಎದುರಾಳಿಯ ಮುಖವನ್ನು ಉಳಿಸಿದ ಉಪಾಯ, ಉಳಿದ ವ್ಯತ್ಯಾಸಕ್ಕೆ ಮೂರನೆಯವರ ನಿರ್ಣಯ, ಇಷ್ಟೂ ಇಲ್ಲಿವೆ. ಉಪವಾಸವು ತಮ್ಮಲ್ಲಿ ಸ್ನೇಹವಿಟ್ಟಿದ್ದ ಒಡೆಯರ ಮೇಲೆ ಒತ್ತಡವಾಯಿತು, ಆ ಮಟ್ಟಿಗೆ ಅದು ದೋಷಯುಕ್ತವೆಂದು ಗಾಂಧೀಜಿಯವರೇ ಆಮೇಲೆ ಬರೆದರು. ಸಂಧಾನದಲ್ಲಿ ಒತ್ತಡಕ್ಕೂ ಮನವೊಲಿಕೆಗೂ ನಡುವಣ ಗೆರೆ ಎಷ್ಟು ತೆಳುವೆಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಸಾಕ್ಷ್ಯ ಸಿಕ್ಕುವುದು ಕಷ್ಟ.

ಒಪ್ಪಂದದ ಸ್ವರೂಪವನ್ನು ಲೆಕ್ಕ ನಿರ್ಧರಿಸಿದರೂ ಲೆಕ್ಕ ಹಾಕುವ ಮನಸ್ಸು ನಿರ್ಲಿಪ್ತವಾದ ಯಂತ್ರವಲ್ಲ. ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲಿ ವರ್ಣಿಸಿದ ಪ್ರಯೋಗವೊಂದರಲ್ಲಿ, ಅಂಕಿಗಳ ಚಕ್ರವೊಂದನ್ನು ತಿರುಗಿಸಿ ಅದು 10ರಲ್ಲಿ ಅಥವಾ 65ರಲ್ಲಿ ನಿಲ್ಲುವಂತೆ ಮಾಡಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕದ ರಾಷ್ಟ್ರಗಳು ಸೇಕಡ ಎಷ್ಟೆಂದು ಊಹಿಸಲು ಹೇಳಿದರು. 10ನ್ನು ಕಂಡವರ ಊಹೆಯ ಮಧ್ಯಮ ಬೆಲೆ 25, 65ನ್ನು ಕಂಡವರದು 45. ವಿಷಯಕ್ಕೆ ಸಂಬಂಧವೇ ಇಲ್ಲದ ಅಂಕಿಯೂ ಮನಸ್ಸನ್ನು ತನ್ನ ಕಡೆಗೆ ಎಳೆಯುತ್ತದೆಂದ ಮೇಲೆ, ಚೌಕಾಸಿಯಲ್ಲಿ ಮೊದಲು ಉಚ್ಚರಿಸಿದ ಬೆಲೆಯ ಪ್ರಭಾವವೆಷ್ಟೆಂದು ಹೇಳಬೇಕಾಗಿಲ್ಲ. ಹಾಗಾದರೆ ಮೊದಲ ಬೆಲೆಯನ್ನು ಯಾರು ಹೇಳಬೇಕು? ನಮ್ಮ ಹಿರಿಯರ ಬುದ್ಧಿವಾದ, ಎದುರಿನವನೇ ಬಾಯಿ ಬಿಡಲಿ ಎಂಬುದು. ಗ್ಯಾಲಿನ್ಸ್ಕಿ ಮತ್ತು ಮುಸ್ವೈಲರ್ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳ ಸೂಚನೆ, ಮೊದಲು ಹೇಳಿದವನಿಗೇ ಸಾಮಾನ್ಯವಾಗಿ ಮೇಲುಗೈ ಎಂಬುದು. ಎರಡನ್ನೂ ಸೇರಿಸಿ ಹೇಳುವುದಾದರೆ, ಬೆಲೆಯನ್ನು ಚೆನ್ನಾಗಿ ತಿಳಿದು ಬಂದವನು ಮೊದಲು ಹೇಳಬಹುದು; ತಿಳಿಯದೆ ಬಂದವನು ಕೇಳುವುದೇ ಲೇಸು, ಅದಕ್ಕಿಂತಲೂ ತಿಳಿದುಕೊಂಡು ಬರುವುದು ಲೇಸು.

ಜರ್ಮನಿಯಲ್ಲಿ ಗ್ಯೂಟ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವುಂಟು. ಒಂದು ಮೊತ್ತವನ್ನು ಇಬ್ಬರಲ್ಲಿ ಒಬ್ಬನು ಹಂಚುವುದು. ಮತ್ತೊಬ್ಬನು ಒಪ್ಪಿದರೆ ಹಾಗೆಯೇ ಹಂಚಿಕೆ, ಒಪ್ಪದಿದ್ದರೆ ಇಬ್ಬರಿಗೂ ಏನೂ ಇಲ್ಲ. ಏನೂ ಇಲ್ಲದಿರುವುದಕ್ಕಿಂತ ಸ್ವಲ್ಪವಾದರೂ ಲಾಭವಲ್ಲವೇ ಎಂಬುದು ಅರ್ಥಶಾಸ್ತ್ರಜ್ಞರ ನಿರೀಕ್ಷೆ. ಆದರೆ ಅತ್ಯಲ್ಪ ಭಾಗವನ್ನು ಮುಂದಿಟ್ಟಾಗ ಅನೇಕರು ಅದನ್ನು ನೂಕಿಬಿಡುತ್ತಾರೆ. ಅವಮಾನವನ್ನು ನುಂಗುವುದಕ್ಕಿಂತ ನಷ್ಟವನ್ನು ಸಹಿಸುವುದು ಮನುಷ್ಯನಿಗೆ ಹಿತ. ಅಣ್ಣತಮ್ಮಂದಿರ ನಡುವೆ ಒಂದು ಗುಂಟೆಯ ಬದುವಿಗಾಗಿ ಹೊಲದ ಬೆಲೆಗಿಂತ ಹೆಚ್ಚಿನ ಹಣ ಕೋರ್ಟಿನ ಖರ್ಚಿಗೆ ಹೋಗುವ ಕಾರಣವೂ ಇದೇ. ಜಗಳ ಬದುವಿನದಾಗಿ ಕಂಡರೂ ನೋವು ಎಂದೋ ಆಡಿದ ಮಾತಿನದು. ಅದನ್ನು ಬಲ್ಲ ಪಂಚರು ನೆಲ ಅಳೆಯುವ ಮುಂಚೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಊಟ ಹಾಕಿಸುತ್ತಾರೆ.

ನಮ್ಮ ಸಂತೆ ಜಾತ್ರೆಗಳಲ್ಲಿ ಈ ಮಾನದ ಪ್ರಶ್ನೆಗೆ ಪರಿಹಾರವಾಗಿ ಬಹು ಸೊಗಸಾದ ಪದ್ಧತಿಯೊಂದು ಬೆಳೆದಿದೆ. ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಯಲ್ಲಿ ಎತ್ತಿನ ಜೋಡಿಯ ವ್ಯಾಪಾರ ನಡೆಯುವ ರೀತಿಯನ್ನು ಹತ್ತಿರದಿಂದ ಗಮನಿಸಬೇಕು. ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ದಲ್ಲಾಳಿಯು ಟವಲನ್ನು ಮುಸುಕಾಗಿ ಹಿಡಿದು ಅದರ ಕೆಳಗೆ ಅವನ ಕೈಯನ್ನು ತೆಗೆದುಕೊಳ್ಳುತ್ತಾನೆ. ಬೆರಳು ಹಿಡಿದಷ್ಟು ಸಾವಿರ, ಬೆರಳು ಮಡಿಸಿದರೆ ಬೇರೆ ಲೆಕ್ಕ. ಸುತ್ತ ನಿಂತ ಹತ್ತು ಮಂದಿಗೆ ಮುಖಗಳು ಮಾತ್ರ ಕಾಣುತ್ತವೆ, ಅಂಕಿ ಕೇಳಿಸುವುದಿಲ್ಲ. ಕೊಡಲೊಪ್ಪದ ಬೆಲೆಯೊಂದು ಬಂದರೂ ಜೋಡಿಯ ಮರ್ಯಾದೆ ಬಹಿರಂಗವಾಗಿ ಇಳಿಯಲಿಲ್ಲ. ಕೊಳ್ಳುವವನು ಮೇಲೇರಿದರೂ ಅವನ ಸೋಲನ್ನು ಯಾರೂ ಕಾಣಲಿಲ್ಲ. ಹಟಕ್ಕೆ ಸಾಕ್ಷಿಗಳಿಲ್ಲದ ಕಡೆಯಲ್ಲಿ ಹಟ ಬೇಗ ಸಡಿಲುತ್ತದೆ. ಬೆಲೆ ಕೂಡಿದೊಡನೆ ಸಂಚಕಾರದ ಹಣ ಕೈ ಬದಲಾಯಿಸುತ್ತದೆ. ಕಚೇರಿಯ ಸಭೆಯಲ್ಲಿ ಎಲ್ಲರೆದುರು ಮೇಲಧಿಕಾರಿಯನ್ನು ವಿರೋಧಿಸಿ ಬೇಡಿಕೆಯಿಡುವವನೂ, ನೆಂಟರ ಮುಂದೆ ಸೊಸೆಯ ತಪ್ಪು ತೋರಿಸಿ ತಿದ್ದಹೊರಡುವ ಅತ್ತೆಯೂ ಈ ದಲ್ಲಾಳಿಯಿಂದ ಕಲಿಯತಕ್ಕದ್ದುಂಟು.

ಆದರೆ ಗುಟ್ಟಿನ ಪದ್ಧತಿಗೆ ತನ್ನ ಅಪಾಯವೂ ಇದೆ. ಬೆಲೆ ತಿಳಿಯದ ರೈತನು ಮುಸುಕಿನ ಕೆಳಗೆ ಸುಲಭವಾಗಿ ಮೋಸಹೋಗುತ್ತಾನೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕಾಣುವುದು ಇದಕ್ಕೆ ತದ್ವಿರುದ್ಧವಾದ ಏರ್ಪಾಡು. ಗೂಡು ಕಾಯುವ ಸರಕಲ್ಲ. ದಿನ ಕಳೆದಂತೆ ತೂಕ ಇಳಿಯುತ್ತದೆ, ಹೆಚ್ಚು ದಿನ ಇಟ್ಟರೆ ಚಿಟ್ಟೆ ಗೂಡನ್ನು ತೂತುಮಾಡಿ ಹೊರಬರುತ್ತದೆ, ಅಂಥ ಗೂಡಿನಿಂದ ನೂಲು ಬಿಚ್ಚಲಾಗದು. ಬೆಳೆಗಾರನು ಎಷ್ಟೇ ಚತುರನಾದರೂ, ಕಾದುನಿಲ್ಲುವ ಶಕ್ತಿಯಿಲ್ಲದವನ ಚಾತುರ್ಯವನ್ನು ನೂಲು ಬಿಚ್ಚುವ ರೀಲರು ಚೆನ್ನಾಗಿ ಬಲ್ಲನು. ಆದ್ದರಿಂದಲೇ ಗೂಡಿನ ವ್ಯಾಪಾರವನ್ನು ಕಾನೂನಿನ ಮೂಲಕ ಮಾರುಕಟ್ಟೆಯೊಳಕ್ಕೆ ತಂದು, ಅನೇಕ ರೀಲರುಗಳು ಪೈಪೋಟಿಯಿಂದ ಕೂಗುವ ಹರಾಜನ್ನು ಏರ್ಪಡಿಸಬೇಕಾಯಿತು. ಈಗ ಆ ಕೂಗು ವಿದ್ಯುನ್ಮಾನ ಹರಾಜಾಗಿ ಮಾರ್ಪಟ್ಟಿದೆ. ಒಬ್ಬನ ಎದುರು ಒಬ್ಬನಾಗಿ ನಿಂತಿದ್ದರೆ ಸೋಲುತ್ತಿದ್ದ ಬೆಳೆಗಾರನಿಗೆ ಇಲ್ಲಿ ದೊರೆತದ್ದು ಮಾತಿನ ತರಬೇತಿಯಲ್ಲ, ಎರಡನೆಯ ಗಿರಾಕಿ. ವೈಯಕ್ತಿಕ ಕೌಶಲಕ್ಕೆ ಎಲ್ಲಿ ಮಿತಿಯುಂಟೋ ಅಲ್ಲಿ ವ್ಯವಸ್ಥೆಯು ಕೈಹಿಡಿಯಬೇಕೆಂಬುದು ಈ ವಿಷಯದ ಪುಸ್ತಕಗಳಲ್ಲಿ ಅಪರೂಪವಾಗಿ ಬರೆಯಲ್ಪಡುವ ಸತ್ಯ.

ಉದ್ಯೋಗದ ಕ್ಷೇತ್ರದಲ್ಲಿಯೂ ಇದೇ ನ್ಯಾಯ. ಕೈಯಲ್ಲಿ ಇನ್ನೊಂದು ನೇಮಕಪತ್ರವನ್ನು ಇಟ್ಟುಕೊಂಡು ಸಂಬಳದ ಮಾತಿಗೆ ಕೂತ ಯುವಕನ ಧ್ವನಿಯೇ ಬೇರೆ, ಬಾಡಿಗೆ ಕಟ್ಟಲು ಹಣವಿಲ್ಲದೆ ಕೂತವನ ಧ್ವನಿಯೇ ಬೇರೆ. ಆದರೆ ಬಲವಿದ್ದವರೆಲ್ಲರೂ ಕೇಳುವುದಿಲ್ಲ. ಲಿಂಡಾ ಬ್ಯಾಬ್‌ಕಾಕ್ ಮತ್ತು ಸಾರಾ ಲಾಶೆವರ್ 2003ರಲ್ಲಿ ಬರೆದ ಪುಸ್ತಕವೊಂದು, ಅಮೆರಿಕದಲ್ಲಿ ಸಮಾನ ಅರ್ಹತೆಯ ಸ್ತ್ರೀಯರು ಪುರುಷರಿಗಿಂತ ಕಡಿಮೆ ಬಾರಿ ಕೇಳುತ್ತಾರೆಂಬುದನ್ನು ಚರ್ಚೆಗೆ ತಂದಿತು. ‘ಅಳದ ಮಗುವಿಗೆ ತಾಯಿಯೂ ಹಾಲೂಡಳು’ ಎಂಬ ಗಾದೆಯನ್ನು ಇದಕ್ಕೆ ಅನ್ವಯಿಸಿ ಸುಮ್ಮನಾಗುವಂತಿಲ್ಲ. 2007ರಲ್ಲಿ ಅದೇ ಬ್ಯಾಬ್‌ಕಾಕರು ಹ್ಯಾನಾ ರೈಲಿ ಬೌಲ್ಸ್ ಮೊದಲಾದವರೊಡನೆ ನಡೆಸಿದ ಅಧ್ಯಯನದಲ್ಲಿ, ಕೇಳಿದ ಸ್ತ್ರೀಯನ್ನು ಕೇಳಿದ ಪುರುಷನಿಗಿಂತ ಹೆಚ್ಚು ಅಪ್ರಿಯಳೆಂದು ಎಣಿಸುವ ಪ್ರವೃತ್ತಿ ಕಂಡುಬಂದಿತು. ಅಂದರೆ ಕೇಳದಿದ್ದರೆ ನಷ್ಟ, ಕೇಳಿದರೆ ದಂಡ. ನಮ್ಮ ಮನೆಗಳಲ್ಲಿ ಪಾಲಿನ ಮಾತು ಬಂದಾಗ ಹೆಣ್ಣುಮಕ್ಕಳಿಗೆ ಆಗುವುದೂ ಇದೇ. ಕರ್ನಾಟಕದಲ್ಲಿ 1994ರ ತಿದ್ದುಪಡಿಯೂ ದೇಶಕ್ಕೆಲ್ಲ 2005ರ ತಿದ್ದುಪಡಿಯೂ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟವು. ಆದರೂ ‘ತವರಿನ ಬಾಗಿಲು ತೆರೆದಿರಬೇಕಲ್ಲವೇ, ತಾಯಿ’ ಎಂಬ ಒಂದು ಮಾತಿನ ಮುಂದೆ ಹಕ್ಕು ಬಿಡುಗಡೆಯ ಪತ್ರಕ್ಕೆ ರುಜು ಬೀಳುತ್ತದೆ. ಇಂಥ ಕಡೆಯಲ್ಲಿ ಕೌಶಲವನ್ನು ಕಲಿಯಬೇಕಾದವರು ಕೇಳುವವರಷ್ಟೇ ಅಲ್ಲ, ಕೇಳಿಸಿಕೊಳ್ಳುವವರು ಮೊದಲು.

ಒಪ್ಪಂದವಾಯಿತೆಂದ ಮಾತ್ರಕ್ಕೆ ಸಂಧಾನ ಮುಗಿಯಲಿಲ್ಲವೆಂಬುದಕ್ಕೆ ಕಾವೇರಿಗಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಮೊದಲ ಒಪ್ಪಂದ. ಕನ್ನಂಬಾಡಿಯ ಕಟ್ಟೆಯ ಪ್ರಶ್ನೆ ಬಂದಾಗ ವಿವಾದ ಪಂಚಾಯಿತಿಗೆ ಹೋಗಿ 1914ರಲ್ಲಿ ಗ್ರಿಫಿನ್ ತೀರ್ಪು. ಅದನ್ನು ಮದರಾಸು ಒಪ್ಪದೆ ಮೇಲ್ಮನವಿ. ಮತ್ತೆ ಮಾತುಕತೆ ನಡೆದು 1924ರ ಒಪ್ಪಂದ. ಐವತ್ತು ವರ್ಷಗಳ ಮೇಲೆ ಕೆಲವು ಷರತ್ತುಗಳ ಪುನರ್ವಿಮರ್ಶೆ ಎಂದು ಬರೆದುಕೊಂಡದ್ದು ದೂರದೃಷ್ಟಿಯೇ. ಆದರೆ ಆ ಅವಧಿ ತೀರಿದಾಗ ಒಪ್ಪಂದವೇ ತೀರಿತೆಂದು ಒಬ್ಬರು, ತೀರಲಿಲ್ಲವೆಂದು ಇನ್ನೊಬ್ಬರು ವಾದಿಸಿದರು. 1990ರಲ್ಲಿ ನ್ಯಾಯಮಂಡಳಿ ರಚಿತವಾಗಿ, 2007ರಲ್ಲಿ ಅದರ ಅಂತಿಮ ತೀರ್ಪು ಬಂದು, 2018ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿಗೆ ಬಿಡಬೇಕಾದ ನೀರನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು. ಇಷ್ಟಾದ ಮೇಲೂ ಮಳೆ ಸೋತ ವರ್ಷದಲ್ಲಿ ಕೊರತೆಯನ್ನು ಹಂಚಿಕೊಳ್ಳುವ ಬಗೆ ಹೇಗೆಂಬ ಪ್ರಶ್ನೆ ಬೀದಿಗೆ ಬರುತ್ತಲೇ ಇದೆ. ಒಳ್ಳೆಯ ಕಾಲದಲ್ಲಿ ಬರೆದ ಒಪ್ಪಂದವು ಕೆಟ್ಟ ಕಾಲದ ವಿಚಾರವನ್ನು ಸ್ಪಷ್ಟವಾಗಿ ಹೇಳದಿದ್ದರೆ, ಕೆಟ್ಟ ಕಾಲವೇ ಅದನ್ನು ಹರಿದುಹಾಕುತ್ತದೆ. ಬಾಡಿಗೆಯ ಕರಾರಿನಲ್ಲಿ ಸುಣ್ಣಬಣ್ಣದ ಖರ್ಚು ಯಾರದೆಂದು ಬರೆಯದೆ ಕೊನೆಯಲ್ಲಿ ಮುಂಗಡಕ್ಕಾಗಿ ಜಗಳವಾಡುವ ಬೆಂಗಳೂರಿನ ಮಾಲೀಕನೂ ಬಾಡಿಗೆದಾರನೂ ಸಣ್ಣ ಪ್ರಮಾಣದಲ್ಲಿ ಮಾಡುವ ತಪ್ಪು ಇದೇ. 2003ರಲ್ಲಿ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ವೆಂಬ ಹೆಸರಿನಲ್ಲಿ ಕೂಡಿ ಪರಸ್ಪರರ ಹೊಲಗಳನ್ನು ನೋಡಿಬಂದರು. ಅವರಿಂದ ತೀರ್ಮಾನ ಹೊರಡಲಿಲ್ಲ. ಆದರೆ ಎದುರಿನವನ ಗದ್ದೆಯನ್ನು ಕಣ್ಣಾರೆ ಕಂಡವನು ಅವನನ್ನು ಸುಲಭವಾಗಿ ಶತ್ರುವೆನ್ನಲಾರ.

ಇಬ್ಬರೇ ಕೂತು ತೀರದ ವಿವಾದಕ್ಕೆ ಮೂರನೆಯವರು ಬೇಕು. ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಕೋರ್ಟಿನ ಗಾದೆಯನ್ನು ಅನುಭವದಿಂದ ಬಲ್ಲ ನಮ್ಮ ಜನಕ್ಕೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಮೂಲಕ ಲೋಕ ಅದಾಲತ್ತು ದೊರೆಯಿತು. ಅಲ್ಲಿ ಆದ ರಾಜಿಗೆ ಡಿಕ್ರಿಯ ಬೆಲೆಯುಂಟು, ಮೇಲ್ಮನವಿಯಿಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ಹಿಂದಕ್ಕೆ ಬರುತ್ತದೆ. 2007ರಿಂದ ಬೆಂಗಳೂರಿನಲ್ಲಿ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ ಮಧ್ಯಸ್ಥಿಕೆ ಕೇಂದ್ರ ಕೆಲಸ ಮಾಡುತ್ತಿದೆ. 2023ರಲ್ಲಿ ಮಧ್ಯಸ್ಥಿಕೆಗೆಂದೇ ಕೇಂದ್ರ ಶಾಸನವೂ ಆಯಿತು. ಮಧ್ಯಸ್ಥನು ತೀರ್ಪು ಕೊಡುವುದಿಲ್ಲ. ಒಬ್ಬೊಬ್ಬರನ್ನೂ ಬೇರೆಯಾಗಿ ಕೂರಿಸಿ, ಪಟ್ಟಿನ ಹಿಂದಿರುವ ಹಿತವನ್ನು ಅವರ ಬಾಯಿಂದಲೇ ಹೊರಡಿಸುತ್ತಾನೆ. ವಿಚ್ಛೇದನಕ್ಕೆ ಬಂದ ದಂಪತಿಗಳೂ ಪಾಲಿಗಾಗಿ ಬಂದ ಒಡಹುಟ್ಟಿದವರೂ ಇಲ್ಲಿ ಮೊದಲ ಬಾರಿಗೆ ತಮ್ಮ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಂಡವರೊಬ್ಬರನ್ನು ಕಾಣುವುದುಂಟು.

ಇಷ್ಟೆಲ್ಲ ಪರಿಶೀಲಿಸಿದ ಮೇಲೆ, ಈ ಕೌಶಲವನ್ನು ಬೆಳೆಸಿಕೊಳ್ಳುವುದು ಹೇಗೆಂಬ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ಮಾತಿಗೆ ಕೂರುವುದಕ್ಕೆ ಮುಂಚೆ ಕಾಗದದ ಮೇಲೆ ಮೂರು ಅಂಕಿಗಳನ್ನು ಬರೆದುಕೊಳ್ಳತಕ್ಕದ್ದು: ತಾನು ಆಶಿಸುವುದೆಷ್ಟು, ಇಬ್ಬರಿಗೂ ಸೇರದ ಹೊರಗಿನ ಅಳತೆಯಿಂದ ನ್ಯಾಯವಾದದ್ದೆಷ್ಟು, ಯಾವುದಕ್ಕಿಂತ ಕೆಳಗೆ ಬಂದರೆ ತಾನು ನಮಸ್ಕಾರ ಹೇಳಿ ಏಳಬೇಕು. ಮೂರನೆಯ ಅಂಕಿ ಊಹೆಯಿಂದ ಬರಕೂಡದು. ಎದ್ದುಹೋದರೆ ಮುಂದೇನೆಂಬುದನ್ನು ವಿಚಾರಿಸಿ ಬರಬೇಕು. ಎದುರಿನವರ ಮೂರು ಅಂಕಿಗಳೇನಿರಬಹುದೆಂದು ಅವರ ಸ್ಥಾನದಲ್ಲಿ ನಿಂತು ಊಹಿಸಿ, ಸಾಧ್ಯವಾದರೆ ಸ್ನೇಹಿತನೊಬ್ಬನನ್ನು ಎದುರಾಳಿಯಾಗಿ ಕೂರಿಸಿ ಒಮ್ಮೆ ಆಡಿ ನೋಡುವುದು ಒಳ್ಳೆಯದು. ಮಾತಿನ ನಡುವೆ, ಹೇಳಿದ್ದಕ್ಕಿಂತ ಹೆಚ್ಚಾಗಿ ಕೇಳಬೇಕು, ‘ಅಷ್ಟೇ ಏಕೆ?’, ‘ನಿಮಗೆ ತೊಡಕಾಗಿರುವುದು ಯಾವುದು?’ ಎಂಬ ಎರಡು ಪ್ರಶ್ನೆಗಳು ಅನೇಕ ಬೀಗಗಳನ್ನು ತೆರೆಯುತ್ತವೆ. ಬೆಲೆ ಹೇಳಿದ ಮೇಲೆ ಸುಮ್ಮನಿರುವ ಧೈರ್ಯ ಬೇಕು. ಮೌನದ ಮುಜುಗರಕ್ಕೆ ಅಂಜಿ ತಾನೇ ತನ್ನ ಬೆಲೆಯನ್ನು ಇಳಿಸಿಕೊಂಡವರು ಎಣಿಕೆಗೆ ಸಿಕ್ಕರು. ಬಿಟ್ಟುಕೊಡುವಾಗ ಪುಕ್ಕಟೆಯಾಗಿ ಬಿಡದೆ, ‘ಹಾಗಾದರೆ ನೀವು ಇಷ್ಟು ಮಾಡಿ’ ಎಂದು ಒಂದಕ್ಕೊಂದು ಕೊಂಡಿ ಹಾಕಬೇಕು. ಸಂಬಳ ಏರದಿದ್ದರೆ ರಜೆಯುಂಟು, ಕೆಲಸದ ವೇಳೆಯುಂಟು, ತರಬೇತಿಯುಂಟು; ಒಂದೇ ವಿಷಯವನ್ನು ಹಿಡಿದವನಿಗೆ ಗೆಲುವು ಸೋಲುಗಳೆರಡೇ, ನಾಲ್ಕು ವಿಷಯಗಳನ್ನು ಮೇಜಿನ ಮೇಲಿಟ್ಟವನಿಗೆ ಹೊಂದಾಣಿಕೆಯ ಅನೇಕ ದಾರಿಗಳು. ಕೊನೆಯಲ್ಲಿ ಒಪ್ಪಿದ್ದನ್ನು ಅಂದೇ ಬರೆದಿಡಬೇಕು. ಸುಳ್ಳು ಹೇಳಿ ಪಡೆದ ಲಾಭ ಒಂದು ಸಲದ್ದು. ಅದೇ ಅಂಗಡಿ, ಅದೇ ಕಚೇರಿ, ಅದೇ ಅಣ್ಣತಮ್ಮಂದಿರೊಡನೆ ಮತ್ತೆ ಮತ್ತೆ ವ್ಯವಹರಿಸಬೇಕಾದವನಿಗೆ ಅದು ದುಬಾರಿಯ ಲಾಭ.

ಎಲ್ಲದರಲ್ಲಿಯೂ ಚೌಕಾಸಿ ಮಾಡಬೇಕೆಂಬುದು ಇದರ ತಾತ್ಪರ್ಯವಲ್ಲ. ಬೀದಿಯಲ್ಲಿ ಸೊಪ್ಪು ಮಾರುವ ಮುದುಕಿಯೊಡನೆ ಎರಡು ರೂಪಾಯಿಗಾಗಿ ವಾದಿಸಿ, ದೊಡ್ಡ ಮಳಿಗೆಯಲ್ಲಿ ಕೇಳಿದಷ್ಟು ತೆತ್ತು ಬರುವವನಿಗೆ ಕೌಶಲವಿಲ್ಲ. ಇರುವುದು ಬಲಹೀನರ ಮುಂದೆ ಮಾತ್ರ ಎಚ್ಚರಗೊಳ್ಳುವ ಹಟ. ಇಲ್ಲವೆನ್ನುವ ಸ್ವಾತಂತ್ರ್ಯ ಎದುರಿನವನಿಗೂ ಇದ್ದಾಗಲೇ ಮಾತುಕತೆ ಸಂಧಾನವೆನಿಸುತ್ತದೆ. ಅದಿಲ್ಲದ ಕಡೆ ನಡೆಯುವುದು ಮಾತಿನ ಮುಸುಕು ಹಾಕಿಕೊಂಡ ಬಲಾತ್ಕಾರ. ಆದುದರಿಂದ ನಮ್ಮ ಮೇಲೆ ಎರಡು ಕರ್ತವ್ಯಗಳಿವೆ. ಸಿದ್ಧತೆ ಮಾಡಿಕೊಂಡು, ನಾಚದೆ ಕೇಳಿ, ತಾಳ್ಮೆಯಿಂದ ಕೇಳಿಸಿಕೊಳ್ಳುವುದನ್ನು ಪ್ರತಿಯೊಬ್ಬನೂ ಕಲಿಯಬೇಕು, ಪ್ರೌಢಶಾಲೆಯ ಮಕ್ಕಳಿಗೆ ಚರ್ಚಾಸ್ಪರ್ಧೆಯಲ್ಲಿ ಗೆಲ್ಲುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಇಬ್ಬರೂ ಒಪ್ಪುವ ದಾರಿಯನ್ನು ಹುಡುಕುವುದನ್ನೂ ಕಲಿಸಬೇಕು. ಒಂಟಿಯಾಗಿ ಇಲ್ಲವೆನ್ನಲಾರದವರಿಗೆ ಆ ಶಕ್ತಿ ಕೊಡುವ ಸಂಘ, ಹರಾಜುಕಟ್ಟೆ, ಕಾನೂನುಗಳನ್ನು ಸಮಾಜವು ಕಾಪಾಡಿಕೊಳ್ಳಬೇಕು. ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದು ಸಿದ್ಧಿಸುವುದಿಲ್ಲ.